ಫ್ಲ್ಯಾಟೋ ಊರ ಮನೆಯೋ, ಕನ್ನಡ ಡಿವಿಷನ್ನೋ ಬಸ್ಸಿನ ಶಾಲೆಯೋ: ಕಾಸರಗೋಡಿನ ಹೆತ್ತವರಿಗೊಂದು ಹೋಲಿಕೆ

ಕಾಸರಗೋಡು ಪೇಟೆಯ ಸುತ್ತ ಮನೆ ಹುಡುಕುವ ಕನ್ನಡದ ಹೆತ್ತವರ ಪ್ರಶ್ನೆ ಈಚೆಗೆ ಹೆಚ್ಚುಕಡಿಮೆ ಒಂದೇ ಥರ. ವಿದ್ಯಾನಗರದ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿ ಆಗಿದೆ. ನೀರ್ಚಾಲಿನಲ್ಲೋ ಪೆರ್ಲದಲ್ಲೋ ಹಿರಿಯರ ಮನೆಯಿದೆ, ತೋಟವಿದೆ. ಮಗುವಿಗೆ ನಾಲ್ಕು ತುಂಬಿದೆ. ಫ್ಲ್ಯಾಟ್ ಹಿಡಿದರೆ ಯಾವ ಶಾಲೆ, ಊರಲ್ಲೇ ಉಳಿದರೆ ಯಾವ ಶಾಲೆ, ಅಥವಾ ಎರಡೂ ಬೇಡವೆಂದು ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋಗಿಬಿಡುವುದೋ? ಇದರ ಜೊತೆ ಎರಡು ಮಾತು ಕಿವಿಗೆ ಬೀಳುತ್ತಿರುತ್ತವೆ. ‘ಪೇಟೆ ಬೆಳೆದಷ್ಟೂ ಕನ್ನಡ ಶಾಲೆ ಸಾಯುತ್ತದೆ’ ಎಂಬುದು ಒಂದು. ‘ಪೇಟೆಯಲ್ಲಾದರೆ ಎಲ್ಲ ಜಾತಿ, ಎಲ್ಲ ಭಾಷೆಯ ಮಕ್ಕಳ ಜೊತೆ ಬೆಳೆಯುತ್ತಾರೆ’ ಎಂಬುದು ಇನ್ನೊಂದು.

ಎರಡೂ ಅರ್ಧ ನಿಜ. ಕಟ್ಟಡ ಎತ್ತರವಾದ ಮಾತ್ರಕ್ಕೆ ಮಕ್ಕಳು ಬೆರೆಯುವುದೂ ಇಲ್ಲ, ಒಡೆಯುವುದೂ ಇಲ್ಲ. ಬೆಳಿಗ್ಗೆ ಗೇಟಿನಿಂದ ಹೊರಬಿದ್ದ ಮಗು ಯಾವ ಕಡೆ ತಿರುಗುತ್ತದೆ, ನಡೆದು ಹೋಗುತ್ತದೋ ಬಸ್ಸು ಹತ್ತುತ್ತದೋ ಎಂಬಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಹಾಗಾಗಿ ಮನೆ ಮೊದಲು, ಶಾಲೆ ಆಮೇಲೆ ಎಂಬ ಕ್ರಮವೇ ತಪ್ಪು. ಎರಡನ್ನೂ ಒಟ್ಟಿಗೆ ತೂಗಬೇಕು.

ತೂಗುವ ಮೊದಲು ಅಳತೆ

ದೂರದಿಂದ ಶುರುಮಾಡೋಣ. ಒಂದರಿಂದ ಐದನೇ ಕ್ಲಾಸಿನವರೆಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗೆ 3 ಕಿಲೋಮೀಟರಿನೊಳಗೆ ನೆರೆಹೊರೆಯ ಶಾಲೆ ಸಿಗಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯಡಿ ಕೇರಳದ ನಿಯಮ. ಕಾಗದದ ಮೇಲೆ ಕಾಸರಗೋಡು ನಗರಸಭೆಯೊಳಗೆ ಇದು ಕಷ್ಟವಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ನೇರ ದೂರಕ್ಕೆ ಅರ್ಥವೇ ಉಳಿದಿಲ್ಲ. ಎರಡು ಬದಿ ಸರ್ವಿಸ್ ರಸ್ತೆ, ನಡುವೆ ಗೋಡೆ ಅಥವಾ ಎತ್ತರಿಸಿದ ಮಣ್ಣಿನ ದಿಬ್ಬ. ಎದುರಿಗೆ ಕಾಣುವ ಶಾಲೆಗೆ ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. 400 ಮೀಟರ್ ಇದ್ದದ್ದು ಒಂದೂವರೆ ಕಿಲೋಮೀಟರ್ ಆಗಲು ಹೆಚ್ಚು ಹೊತ್ತು ಬೇಡ. ಪೇಟೆಯಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಕಂಬದ ಮೇಲಿನ ಮೇಲ್ಸೇತುವೆ ಬಂದಿರುವುದರಿಂದ ಅದರಡಿ ಆಚೀಚೆ ಹೋಗಬಹುದು. ದಿಬ್ಬ ಎದ್ದಿರುವ ಕಡೆ ಹಾಗಲ್ಲ. ಪಡುವಣದಲ್ಲಿ ನೆಲ್ಲಿಕುಂಜೆ, ತಳಂಗರೆಯ ಕಡೆ ಮನೆ ನೋಡುವವರಿಗೆ ರೈಲು ಹಳಿಯೂ ಇನ್ನೊಂದು ಗೋಡೆ. ಆದ್ದರಿಂದ ಮೊಬೈಲಿನ ನಕಾಶೆಯಲ್ಲಿ ಗೀಟು ಎಳೆದು ಅಳೆಯಬೇಡಿ. ಮಗುವಿನ ಕೈ ಹಿಡಿದು, ಜೂನ್ ತಿಂಗಳ ಮಳೆಯಲ್ಲಿ ಒಮ್ಮೆ ನಡೆದು ಅಳೆಯಿರಿ. ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆಯೇ ಎಂಬುದು ಆಗಲೇ ಗೊತ್ತಾಗುವುದು.

ಎರಡನೆಯದು ತಲೆಯೆಣಿಕೆ. ಕನ್ನಡ ಡಿವಿಷನ್ (ಶಾಲೆಯೊಳಗೆ ಕನ್ನಡದಲ್ಲಿ ಕಲಿಸುವ ವಿಭಾಗ) ಉಳಿಯುವುದು ಅಭಿಮಾನದಿಂದಲ್ಲ, ಸಂಖ್ಯೆಯಿಂದ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

2011ರ ಜನಗಣತಿಯ ಪ್ರಕಾರ ಕಾಸರಗೋಡು ನಗರಸಭೆಯ ಜನಸಂಖ್ಯೆ 54 ಸಾವಿರ ಚಿಲ್ಲರೆ, ವಿಸ್ತೀರ್ಣ 17 ಚದರ ಕಿಲೋಮೀಟರಿನ ಹತ್ತಿರ. ಅಂದರೆ ಚದರ ಕಿಲೋಮೀಟರಿಗೆ 3,200ರಷ್ಟು ಜನ. ಇಡೀ ಜಿಲ್ಲೆಯ ಸರಾಸರಿ ಅದರ ಐದನೇ ಒಂದು ಪಾಲು, 650ರ ಆಸುಪಾಸು. ಈಗ ಶಾಲೆಯನ್ನು ನಡುವಿಟ್ಟು 1 ಕಿಲೋಮೀಟರಿನ ಸುತ್ತು ಎಳೆಯಿರಿ: ಒಳಗೆ ಬರುವುದು 3.14 ಚದರ ಕಿಲೋಮೀಟರ್. ಪೇಟೆಯಲ್ಲಾದರೆ ಅದರೊಳಗೆ ಸುಮಾರು 10,000 ಜನ, ಒಳನಾಡಿನಲ್ಲಾದರೆ 2,000. ಒಂದನೇ ಕ್ಲಾಸಿನ ಪ್ರಾಯದ ಮಕ್ಕಳು ಜನಸಂಖ್ಯೆಯ ನೂರಕ್ಕೆ ಒಂದೂವರೆ ಎಂದಿಟ್ಟುಕೊಂಡರೆ ಪೇಟೆಯ ಸುತ್ತಿನಲ್ಲಿ 150 ಮಕ್ಕಳು, ಒಳನಾಡಿನ ಸುತ್ತಿನಲ್ಲಿ 30. ಪೇಟೆಯಲ್ಲಿ ಹತ್ತರಲ್ಲಿ ಒಂದು ಮನೆಯವರು ಕನ್ನಡ ಮಾಧ್ಯಮ ಆರಿಸಿದರೆ 15 ಮಕ್ಕಳು. ಒಳನಾಡಿನಲ್ಲಿ ಅರ್ಧಕ್ಕರ್ಧ ಮನೆಯವರು ಆರಿಸಿದರೂ ಅದೇ 15.

ಈ ಲೆಕ್ಕ ಎರಡೂ ಕಡೆಯ ಭ್ರಮೆ ಬಿಡಿಸುತ್ತದೆ. ದಟ್ಟಣೆ ಬಂದಾಗ ಕನ್ನಡದವರ ಪಾಲು ತೆಳ್ಳಗಾಗುತ್ತದೆ ನಿಜ, ಆದರೆ ತಲೆಯೆಣಿಕೆ ಕಡಿಮೆಯಾಗಲೇಬೇಕೆಂದಿಲ್ಲ. ಹಳ್ಳಿಯಲ್ಲಿ ಕನ್ನಡದ ಪಾಲು ದೊಡ್ಡದಿದ್ದರೂ ಮನೆಗೆ ಒಂದೇ ಮಗು, ಮನೆಗಳೂ ದೂರದೂರ. ಒಂದು ಖಾಸಗಿ ಶಾಲೆಯ ಬಸ್ಸು ದಾರಿ ಬದಲಿಸಿ ಒಳಕ್ಕೆ ಬಂದರೆ 15 ಇದ್ದದ್ದು 6 ಆಗುತ್ತದೆ.

ಸಂಖ್ಯೆ ಏಕೆ ಇಷ್ಟು ಮುಖ್ಯ? ಕೇರಳದಲ್ಲಿ ಶಿಕ್ಷಕರ ಹುದ್ದೆ ನಿಗದಿಯಾಗುವುದು ಜೂನ್‌ನ ಆರನೇ ಅಧ್ಯಯನ ದಿನದ ಎಣಿಕೆಯ ಮೇಲೆ. ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಎಂಬುದು ಅನುಪಾತ. ಸಂಖ್ಯೆ ಕುಸಿದರೆ ಡಿವಿಷನ್ ಫಾಲ್, ಅಂದರೆ ವಿಭಾಗವೇ ರದ್ದು; ಹುದ್ದೆ ಹೋಗುತ್ತದೆ. ಇನ್ನೂ ಕುಸಿದರೆ ಶಾಲೆಗೆ ‘ಅನ್‌ಇಕನಾಮಿಕ್’ (ಮಕ್ಕಳು ಸಾಲದ ಶಾಲೆ) ಎಂಬ ಹಣೆಪಟ್ಟಿ. ಅದು ಅಂಟಿದ ಮರುವರ್ಷ ಇದ್ದ ಮನೆಯವರೂ ಟಿಸಿ ಕೇಳಲು ಬರುತ್ತಾರೆ. ಒಂದೊಂದು ಕ್ಲಾಸಿನಲ್ಲಿ 12ರಿಂದ 15 ಮಕ್ಕಳಿದ್ದರೆ ಕಲಿಕೆ ಚೆನ್ನ, ಮಗುವಿಗೆ ಜೊತೆಗಾರರೂ ಸಿಗುತ್ತಾರೆ. 7-8ಕ್ಕಿಂತ ಕಡಿಮೆ ಇದ್ದು ಮೂರು ವರ್ಷದಿಂದ ಇಳಿಯುತ್ತಲೇ ಇದ್ದರೆ ಅದು ಎಚ್ಚರಿಕೆಯ ಗಂಟೆ.

ಮೂರನೆಯ ಅಳತೆ: ಒಂದೇ ಕೋಣೆಯಲ್ಲಿ ಯಾರು ಯಾರು ಕುಳಿತುಕೊಳ್ಳುತ್ತಾರೆ? ಶಾಲೆಯ ಗೇಟನ್ನು ನೋಡಿ ಮೋಸಹೋಗುವುದು ಇಲ್ಲಿಯೇ. ಪೇಟೆಯ ದೊಡ್ಡ ಶಾಲೆಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಡಿವಿಷನ್ ಇರುತ್ತವೆ. ಗೇಟಿನಲ್ಲಿ ಎಲ್ಲರೂ ಒಟ್ಟು, ಕ್ಲಾಸಿನಲ್ಲಿ ಬೇರೆಬೇರೆ. ಹೈಸ್ಕೂಲಿಗೆ ಬಂದಾಗ ಇದರ ಮೇಲೆ ಪ್ರಥಮ ಭಾಷೆಯ ಆಯ್ಕೆ: ಅರಬಿ, ಉರ್ದು, ಸಂಸ್ಕೃತ, ಕನ್ನಡ, ಮಲಯಾಳ. ಟೈಂಟೇಬಲ್ ಮಾಡುವ ಅನುಕೂಲಕ್ಕೆ ಒಂದೇ ಭಾಷೆ ತೆಗೆದುಕೊಂಡವರನ್ನು ಒಂದೇ ಡಿವಿಷನ್ನಿಗೆ ಹಾಕುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಆದರೂ ಒಂದು ಕೋಣೆಯಲ್ಲಿ ಒಂದೇ ಸಮುದಾಯದ ಮಕ್ಕಳು ಉಳಿಯುತ್ತಾರೆ. ಇಂಗ್ಲಿಷ್ ಡಿವಿಷನ್ನಿಗೆ ದುಡ್ಡಿರುವ ಮನೆಯವರು, ಉಳಿದದ್ದಕ್ಕೆ ಇಲ್ಲದವರು ಎಂಬ ಪದರವೂ ಮೇಲೆ ಕೂರುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಕೇಳಬೇಕಾದ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ಮಕ್ಕಳು?’ ಎಂದಲ್ಲ. ‘ಆಟ, ಐಟಿ ಲ್ಯಾಬ್, ಊಟ, ಕಲೋತ್ಸವದ ತಯಾರಿ ಇವುಗಳಲ್ಲಿ ಡಿವಿಷನ್‌ಗಳನ್ನು ಬೆರೆಸುತ್ತೀರಾ?’ ಎಂದು ಕೇಳಿ. ಉತ್ತರಕ್ಕೆ ಮೊದಲು ಅವರ ಮುಖ ನೋಡಿದರೂ ಸಾಕು.

ಇನ್ನೊಂದು ಜರಡಿ ಗಡಿಯಾರ. ಬೆಳಿಗ್ಗೆ ಮದ್ರಸಕ್ಕೆ ಹೋಗಿ ಬರುವ ಮಕ್ಕಳಿಗೆ ಹತ್ತು ಗಂಟೆಯ ಆಸುಪಾಸು ಶುರುವಾಗುವ ಸರಕಾರಿ, ಅನುದಾನಿತ ಶಾಲೆ ಹೊಂದುತ್ತದೆ. ಎಂಟೂವರೆಗೆ ಬೆಲ್ ಹೊಡೆಯುವ ಶಾಲೆ ಹೊಂದುವುದಿಲ್ಲ. ಬೇಗ ಶುರುವಾಗುವ ಶಾಲೆಯಲ್ಲಿ ಯಾರಿಲ್ಲ ಎಂಬುದನ್ನು ಬೆಲ್ಲೇ ನಿರ್ಧರಿಸಿರುತ್ತದೆ.

ಮನೆ ಮತ್ತು ಶಾಲೆಯ ಈ ಗಂಟನ್ನು ಬೇರೆಯವರೂ ಬಿಡಿಸಲು ನೋಡಿದ್ದಾರೆ. ಸಿಂಗಪುರದ ಸರಕಾರಿ ವಸತಿ ಕಟ್ಟಡಗಳಲ್ಲಿ 1989ರಿಂದ ಪ್ರತಿ ಬ್ಲಾಕಿಗೂ ಚೀನೀ, ಮಲಯ, ಭಾರತೀಯ ಸಮುದಾಯಗಳಿಗೆ ಮಿತಿ ಇದೆ. ಶಾಲಾ ಪ್ರವೇಶದಲ್ಲಿ 1 ಕಿಲೋಮೀಟರಿನೊಳಗಿನವರಿಗೆ ಆದ್ಯತೆ ಇದೆ. ದಟ್ಟಣೆ, ಮಿಶ್ರಣ, ನಡಿಗೆ ಮೂರನ್ನೂ ಒಟ್ಟಿಗೆ ಕಟ್ಟಿದರು. ಚಿಲಿ 1981ರಲ್ಲಿ ತದ್ವಿರುದ್ಧ ದಾರಿ ಹಿಡಿಯಿತು: ಸರಕಾರದ ಹಣ ಮಗುವಿನ ಹಿಂದೆ ಹೋಗಲಿ, ಹೆತ್ತವರು ಬೇಕಾದ ಶಾಲೆ ಆರಿಸಲಿ ಎಂದಿತು. ಶಾಲೆಗಳು ಆದಾಯದ ಪ್ರಕಾರ ಹೋಳಾದವು. ಸರಕಾರದ ಹಣ ಪಡೆಯುವ ಶಾಲೆಗಳು ಮಕ್ಕಳನ್ನು ಆರಿಸಿಕೊಳ್ಳಬಾರದೆಂದು 2015ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಬ್ಲಾಕಿಗೆ ಮಿತಿಯೂ ಇಲ್ಲ, ಆಯ್ಕೆಗೆ ತಡೆಯೂ ಇಲ್ಲ. ಹಾಗಾಗಿ ಪ್ರತಿ ಮನೆಯೂ ತನ್ನ ಪಾಲಿನ ನೀತಿಯನ್ನು ತಾನೇ ಮಾಡಿಕೊಳ್ಳುತ್ತಿದೆ, ಗೊತ್ತಿದ್ದೋ ಗೊತ್ತಿಲ್ಲದೆಯೋ.

ಉಳಿದ ಮೂರು ಅಳತೆ ಚುಟುಕಾಗಿ. ಮುಂದಿನ ಮೆಟ್ಟಿಲು: ಎಲ್‌ಪಿ (ಕಿರಿಯ ಪ್ರಾಥಮಿಕ) ನಾಲ್ಕಕ್ಕೆ, ಯುಪಿ (ಹಿರಿಯ ಪ್ರಾಥಮಿಕ) ಏಳಕ್ಕೆ ಮುಗಿಯುತ್ತದೆ, ಎಂಟಕ್ಕೆ ಕನ್ನಡ ಡಿವಿಷನ್ ಇರುವ ಹೈಸ್ಕೂಲು ಎಲ್ಲಿ, ಬಸ್ಸು ಯಾವುದು ಎಂದು ಒಂದನೇ ಕ್ಲಾಸಿಗೆ ಸೇರಿಸುವಾಗಲೇ ನೋಡಿಡಿ. ದುಡ್ಡು: ಹತ್ತು ವರ್ಷದ ಒಟ್ಟು ಲೆಕ್ಕ ಮಾಡಿ, ತಿಂಗಳದ್ದಲ್ಲ. ಕಾಗದ: ಗಡಿನಾಡಿನ ಮಗುವಿಗೆ ಕರ್ನಾಟಕದಲ್ಲಿ ಸಿಗುವ ಅವಕಾಶ ಕೈತಪ್ಪದಂತೆ ವರ್ಷಗಳನ್ನು ಎಣಿಸಿ. ಈ ಕೊನೆಯದು ತುಂಬ ಜನ ಎಡವುವ ಜಾಗ. ಗಡಿ ದಾಟುವ ಮಾತು ಬಂದಾಗ ವಿವರವಾಗಿ ನೋಡೋಣ.

ಪೇಟೆಯ ಫ್ಲ್ಯಾಟ್, ಬಸ್ಸಿನ ಸಿಬಿಎಸ್‌ಇ ಶಾಲೆ

ಇದು ಎಲ್ಲಕ್ಕಿಂತ ಸುಲಭದ ಆಯ್ಕೆ. ಗೇಟಿಗೇ ಬಸ್ಸು ಬರುತ್ತದೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಸಮಯ ಹೊಂದುತ್ತದೆ, ವರ್ಗಾವಣೆಯ ಉದ್ಯೋಗದವರಿಗೆ ಎಲ್ಲಿ ಹೋದರೂ ಪಠ್ಯ ಒಂದೇ. ಬ್ಯಾಂಕು, ರೈಲ್ವೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇಂಥ ಕಡೆ ಕೆಲಸ ಮಾಡುವವರು ಇದನ್ನು ಆರಿಸಿದರೆ ತಪ್ಪು ಹೇಳಲಾಗದು.

ಮಿಶ್ರಣದ ಅಳತೆಯಲ್ಲಿ ಮಾತ್ರ ಇದು ಹಿಂದೆ. ಕ್ಲಾಸಿನಲ್ಲಿ ಭಾಷೆ ನಾಲ್ಕಾರು ಇರಬಹುದು, ಆದರೆ ಎಲ್ಲರ ಮನೆಯ ಆದಾಯ ಒಂದೇ ಅಂತಸ್ತಿನದು. ಕಟ್ಟಡವೂ ಅದಕ್ಕೆ ತಕ್ಕಂತಿರುತ್ತದೆ. ಬರೀ ಮೂರು ಬೆಡ್‌ರೂಮಿನ ಮನೆಗಳ ಕಟ್ಟಡದಲ್ಲಿ ಒಂದೇ ಬಗೆಯ ಕುಟುಂಬ; ಒಂದು, ಎರಡು, ಮೂರು ಬೆಡ್‌ರೂಮು ಬೆರೆತಿರುವ, ಬಾಡಿಗೆಗೂ ಕೊಡುವ ಕಟ್ಟಡದಲ್ಲಿ ನರ್ಸು, ಕ್ಲರ್ಕು, ಅಂಗಡಿಯವರು, ನಿವೃತ್ತ ಮೇಷ್ಟ್ರು ಎಲ್ಲರೂ. ಕಟ್ಟಡದವರು ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರ ನೋಡುವ ಬದಲು ಮನೆಗಳ ಅಳತೆಯ ಪಟ್ಟಿ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆ ಕಟ್ಟಡ ಯೋಜನೆಗಳ ಮೇಲೆ ನಿಗಾ ಇಡುವ ಕೇರಳ ರೇರಾದಲ್ಲಿ ನೋಂದಣಿಯಾಗಿರಬೇಕು; ಯಾವ ಅಳತೆಯ ಮನೆ ಎಷ್ಟು ಎಂಬುದು ಅಲ್ಲಿಯ ದಾಖಲೆಯಲ್ಲೇ ಸಿಗುತ್ತದೆ. ಜೊತೆಗೆ ರಾತ್ರಿ ಎಂಟರ ಹೊತ್ತಿಗೆ ಎದುರು ನಿಂತು ಎಷ್ಟು ಮನೆಯಲ್ಲಿ ದೀಪ ಉರಿಯುತ್ತದೆ ಎಣಿಸಿ. ಗಲ್ಫಿನವರು ಕೊಂಡು ಬೀಗ ಹಾಕಿಟ್ಟ ಮನೆಗಳು ದಟ್ಟಣೆಯ ಲೆಕ್ಕಕ್ಕೆ ಬರುತ್ತವೆ, ಮಕ್ಕಳ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಪರೀಕ್ಷೆ ಬೆಳಗಿನದು. ಏಳೂವರೆಯಿಂದ ಒಂಬತ್ತೂಮುಕ್ಕಾಲರವರೆಗೆ ಗೇಟಿನ ಹತ್ತಿರ ನಿಂತು ನೋಡಿ. ಎಷ್ಟು ಬೇರೆಬೇರೆ ಶಾಲೆಯ ಬಸ್ಸು ಬರುತ್ತದೆ, ಎಷ್ಟು ಮಕ್ಕಳು ನಡೆದು ಹೋಗುತ್ತಾರೆ? ಒಂದೇ ಕಟ್ಟಡದ ಇಪ್ಪತ್ತು ಮಕ್ಕಳು ಆರು ಬಸ್ಸು ಹತ್ತಿ ಆರು ಕಡೆ ಹೋಗುವುದಾದರೆ ಸಂಜೆ ಅವರು ಒಟ್ಟಿಗೆ ಆಡುವುದೂ ಕಡಿಮೆ. ನೆರೆಯ ಶಾಲೆಗೆ ಆ ಕಟ್ಟಡದಿಂದ ನಯಾಪೈಸೆಯ ಉಪಯೋಗವಿಲ್ಲ.

ಕನ್ನಡದ ಕಥೆ? ಸಿಬಿಎಸ್‌ಇಯಲ್ಲಿ ಕನ್ನಡಕ್ಕೆ 015 ಎಂಬ ಕೋಡ್ ಇದೆ, ಹತ್ತನೆಯವರೆಗೆ ತೆಗೆದುಕೊಳ್ಳಬಹುದು. ಆದರೆ ‘ಕನ್ನಡ ಇದೆ’ ಎಂದು ಆಫೀಸಿನಲ್ಲಿ ಹೇಳಿದರೆ ನಂಬಿ ಎದ್ದು ಬರಬೇಡಿ. ಹೋದ ವರ್ಷ ಹತ್ತನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಕನ್ನಡ ಪರೀಕ್ಷೆ ಬರೆದರು, ಕನ್ನಡದ ಮೇಡಂ ಖಾಯಂ ಇದ್ದಾರೆಯೇ ಎಂದು ಕೇಳಿ. ಐದರವರೆಗೆ ಕಲಿಸಿ ಆರಕ್ಕೆ ‘ಮಕ್ಕಳು ಸಾಲದು’ ಎಂದು ಕೈಬಿಡುವುದು ಸಾಮಾನ್ಯ ರೋಗ.

ದುಡ್ಡನ್ನು ನಿಮ್ಮ ಶಾಲೆಯ ಅಂಕಿ ಹಾಕಿ ಲೆಕ್ಕ ಮಾಡಿ. ಮಾದರಿಗೆ: ಫೀಸು ತಿಂಗಳಿಗೆ 3,000 ರೂಪಾಯಿಯಂತೆ 12 ತಿಂಗಳು, ಬಸ್ಸು 1,500ರಂತೆ 10 ತಿಂಗಳು ಎಂದಾದರೆ ವರ್ಷಕ್ಕೆ 51,000. ವರ್ಷಕ್ಕೆ ನೂರಕ್ಕೆ 8ರಂತೆ ಏರಿದರೆ ಹತ್ತು ವರ್ಷಕ್ಕೆ ಸುಮಾರು 7 ಲಕ್ಷದ 39 ಸಾವಿರ. ಇಬ್ಬರು ಮಕ್ಕಳಾದರೆ ದುಪ್ಪಟ್ಟು. ಒಳ್ಳೆಯ ಸರಕಾರಿ ಶಾಲೆಗೆ ನಡೆದು ಹೋಗುವ ಜಾಗದಲ್ಲಿ ಬಾಡಿಗೆಗೆ ತಿಂಗಳಿಗೆ 4,000 ಹೆಚ್ಚು ತೆತ್ತರೂ ಹತ್ತು ವರ್ಷಕ್ಕೆ 4 ಲಕ್ಷದ 80 ಸಾವಿರ. ಎರಡನೇ ಮಗುವಿಗೆ ಅದರ ಮೇಲೆ ಏನೂ ಇಲ್ಲ.

ಪೇಟೆಯಲ್ಲೇ ಇದ್ದು, ನಡೆದು ಹೋಗುವ ಸರಕಾರಿ ಅಥವಾ ಅನುದಾನಿತ ಶಾಲೆ

ನಮ್ಮ ಮಟ್ಟಿಗೆ ಹೇಳುವುದಾದರೆ, ತಲೆಯೆಣಿಕೆ ಹೊಂದಿದರೆ ಇದರಷ್ಟು ಬೆಲೆಗೆ ತಕ್ಕ ಆಯ್ಕೆ ಇನ್ನೊಂದಿಲ್ಲ. ಫೀಸಿಲ್ಲ; ಎಂಟನೆಯವರೆಗೆ ಪಠ್ಯಪುಸ್ತಕ, ಮಧ್ಯಾಹ್ನದ ಊಟ ಸಿಗುತ್ತದೆ. 2017ರಲ್ಲಿ ಶುರುವಾದ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದ ನಂತರ ಕಟ್ಟಡ, ಪ್ರೊಜೆಕ್ಟರು, ಲ್ಯಾಬುಗಳ ಸ್ಥಿತಿ ಎಷ್ಟೋ ಕಡೆ ಖಾಸಗಿಯವರನ್ನು ಮೀರಿದೆ. ಅನುದಾನಿತ ಶಾಲೆಯಲ್ಲಿ ಶಿಕ್ಷಕರನ್ನು ನೇಮಿಸುವುದು ಮ್ಯಾನೇಜರ್, ಸಂಬಳ ಕೊಡುವುದು ಸರಕಾರ. ಮಗುವಿಗೆ ಫೀಸಿನ ದೃಷ್ಟಿಯಿಂದ ಎರಡೂ ಒಂದೇ.

ಇಲ್ಲಿ ತಪ್ಪುವುದೆಲ್ಲಿ? ಮೊದಲನೆಯದು, ಅದೇ ಶಾಲೆಯ ಇಂಗ್ಲಿಷ್ ಡಿವಿಷನ್. ಕನ್ನಡ ಡಿವಿಷನ್ನಿನ ಮಕ್ಕಳನ್ನು ಎಳೆಯುವುದು ದೂರದ ಖಾಸಗಿ ಶಾಲೆ ಮಾತ್ರವಲ್ಲ, ಪಕ್ಕದ ಕೋಣೆಯೂ ಹೌದು. ಒಂದನೇ ಕ್ಲಾಸಿನ ಸಂಖ್ಯೆಯಷ್ಟೇ ನೋಡದೆ ನಾಲ್ಕರಿಂದ ಐದಕ್ಕೆ, ಏಳರಿಂದ ಎಂಟಕ್ಕೆ ಹೋಗುವಾಗ ಎಷ್ಟು ಉದುರುತ್ತದೆ ನೋಡಿ. ಎರಡನೆಯದು, ಕನ್ನಡ ಬಾರದ ಶಿಕ್ಷಕರ ನೇಮಕ. ಕನ್ನಡ ಮಾಧ್ಯಮದ ಕ್ಲಾಸಿಗೆ ಮಲಯಾಳ ಮಾತ್ರ ಬಲ್ಲವರು ಬಂದು ಮಕ್ಕಳು, ಹೆತ್ತವರು ಪ್ರತಿಭಟನೆಗೆ ಕುಳಿತದ್ದು ಈ ಜಿಲ್ಲೆಯಲ್ಲಿ ಒಮ್ಮೆಯಲ್ಲ. ಗಣಿತ, ವಿಜ್ಞಾನ, ಸಮಾಜ ಮೂರಕ್ಕೂ ಈಗ ಯಾರಿದ್ದಾರೆ, ಯಾರು ನಿವೃತ್ತಿಗೆ ಹತ್ತಿರವಿದ್ದಾರೆ ಎಂದು ಪಿಟಿಎಯವರನ್ನು ಕೇಳಿ. ಆಫೀಸಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಕ್ಕಳು ಬೇರ್ಪಡುವುದು ಒಂದನೇ ಕ್ಲಾಸಿನಲ್ಲಲ್ಲ, ಎಲ್‌ಕೆಜಿಯಲ್ಲಿ. ಮೂರೂವರೆ ವರ್ಷಕ್ಕೆ ಖಾಸಗಿ ಎಲ್‌ಕೆಜಿ ಸೇರಿದ ಮಗು, ಜೊತೆಗಾರರನ್ನು ಬಿಟ್ಟು ಎರಡು ವರ್ಷದ ಮೇಲೆ ಸರಕಾರಿ ಶಾಲೆಗೆ ಬರುವುದು ಅಪರೂಪ. ‘ಒಂದಕ್ಕೆ ನೋಡೋಣ’ ಎನ್ನುವವರು ಆಗಲೇ ತೀರ್ಮಾನ ಮಾಡಿರುತ್ತಾರೆ. ಶಾಲೆಯ ಜಗಲಿಯಲ್ಲೇ ಅಂಗನವಾಡಿಯೋ ಪ್ರೀಪ್ರೈಮರಿಯೋ ಇದ್ದರೆ, ಅದರಲ್ಲಿ ಕನ್ನಡದಲ್ಲಿ ಮಾತಾಡುವ ಟೀಚರ್ ಇದ್ದರೆ, ಆ ಶಾಲೆಯ ಕನ್ನಡ ಡಿವಿಷನ್ನಿಗೆ ಆಯುಸ್ಸಿದೆ ಎಂದು ತಿಳಿಯಬಹುದು.

ಮಲಯಾಳ ಕಲಿಯುವುದರ ಬಗ್ಗೆ ಒಂದು ಮಾತು. 2017ರ ಮಲಯಾಳ ಕಲಿಕೆಯ ಕಾನೂನು ಬಂದಾಗ ಇಲ್ಲಿ ದೊಡ್ಡ ಗದ್ದಲವಾಯಿತು. ಹೇರಿಕೆಯ ಭಯಕ್ಕೆ ಕಾರಣವೂ ಇತ್ತು. ಆದರೆ ಮಗುವಿನ ಅನ್ನದ ಲೆಕ್ಕ ಬೇರೆ. ಸರಕಾರಿ ನೇಮಕಾತಿ ಮಾಡುವ ಕೇರಳ ಪಿಎಸ್‌ಸಿಯಲ್ಲಿ ಈ ಜಿಲ್ಲೆಗೆಂದು ಕರೆಯುವ ಕ್ಲರ್ಕ್ ಹುದ್ದೆಗಳಲ್ಲಿ ಕನ್ನಡವೂ ಮಲಯಾಳವೂ ಬಲ್ಲವರಿಗೆ ಬೇರೆ ಪಟ್ಟಿ ಇರುತ್ತದೆ. ಕನ್ನಡ ಡಿವಿಷನ್ನಿನಲ್ಲಿ ಓದಿ, ಆಟದ ಬಯಲಿನಲ್ಲಿ ಮಲಯಾಳ ಕಲಿತ ಪೇಟೆಯ ಮಗು ಆ ಪಟ್ಟಿಗೆ ಹೇಳಿ ಮಾಡಿಸಿದಂತೆ. ಮನೆಯಲ್ಲಿ ತುಳುವೋ ಹವ್ಯಕವೋ ಕರಾಡಿಯೋ ಇದ್ದರೆ ಇನ್ನೊಂದು ಭಾಷೆ ಇವರಿಗೆ ಭಾರವಾಗುವುದೂ ಇಲ್ಲ.

ಕುಂಬಳೆ, ಉಪ್ಪಳ; ಬದಿಯಡ್ಕ, ನೀರ್ಚಾಲು, ಪೆರ್ಲ

ಇವೆರಡನ್ನು ಒಂದೇ ಗುಂಪಿಗೆ ಹಾಕುವವರಿದ್ದಾರೆ. ಹಾಕಬಾರದು. ಉಪ್ಪಳ, ಕುಂಬಳೆ ಹೆದ್ದಾರಿಯ ಪೇಟೆಗಳು. ಫ್ಲ್ಯಾಟು, ಅಂಗಡಿ ಮಳಿಗೆ, ಹೊರಗಿನಿಂದ ಬಂದು ನೆಲೆಸಿದವರು ಎಲ್ಲ ವೇಗವಾಗಿ ಹೆಚ್ಚುತ್ತಿರುವ ಕಡೆ. ಇಲ್ಲಿ ತಲೆಯೆಣಿಕೆ ಇದೆ, ರೈಲು ಇದೆ, ಮಂಗಳೂರೂ ಹತ್ತಿರ. ಆದರೆ ಮೇಲೆ ಹೇಳಿದ ಹೆದ್ದಾರಿಯ ಗೋಡೆ ಊರನ್ನು ಮೂಡು, ಪಡು ಎಂದು ಸೀಳಿದೆ. ಮನೆ ಯಾವ ಬದಿ, ಶಾಲೆ ಯಾವ ಬದಿ ಎಂಬುದೇ ಇಲ್ಲಿ ಮೊದಲ ಪ್ರಶ್ನೆ.

ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆ ಹಾಗಲ್ಲ. ಒಂದೇ ಕಡೆ ಮೇಲಿನ ಕ್ಲಾಸಿನವರೆಗೆ ಕನ್ನಡ ಸಿಗುವ ಹಳೆಯ ಅನುದಾನಿತ ಶಾಲೆಗಳಿವೆ, ಶಿಕ್ಷಕರು ಊರಿನವರೇ, ಪಠ್ಯದಾಚೆಯ ಕನ್ನಡವೂ (ಯಕ್ಷಗಾನ, ಭಜನೆ, ವಾಚನಾಲಯ) ಕಾಲ್ನಡಿಗೆಯಲ್ಲಿದೆ. ಭಾಷೆಯೇ ನಿಮ್ಮ ಮೊದಲ ಅಳತೆಯಾದರೆ ಇಲ್ಲೇ ನಿಲ್ಲಿ. ಸೈಟು ಕೊಳ್ಳುವಾಗ ಮಾತ್ರ ಒಂದು ಎಚ್ಚರ: ರಸ್ತೆ ಬದಿಯ ಐದೋ ಹತ್ತೋ ಸೆಂಟ್ಸಿನ ಮನೆ ಮಗುವಿಗೆ ಶಾಲೆ, ಜೊತೆಗಾರರು ಎರಡನ್ನೂ ಕೊಡುತ್ತದೆ, ಗುಡ್ಡೆಯ ಮೇಲಿನ ಐವತ್ತು ಸೆಂಟ್ಸು ಎರಡನ್ನೂ ಕೊಡುವುದಿಲ್ಲ. ಗದ್ದೆ ಮುಚ್ಚಿದ ಜಾಗವಾದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಯಡಿ ಅದು ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ಜಾಗಗಳ ಸರಕಾರಿ ಪಟ್ಟಿಯಲ್ಲಿ) ಇದೆಯೇ ಎಂದು ಕೃಷಿ ಭವನದಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ.

ಒಳನಾಡಿನ ಮಿಶ್ರಣ ಬೇರೆ ಬಗೆಯದು. ಭೂಮಾಲೀಕರ ಮಗುವೂ ಕೂಲಿಗೆ ಬರುವವರ ಮಗುವೂ ಕಾಲೋನಿಯ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಕಾಲ ಇಲ್ಲಿ ತೀರ ಹಿಂದಿನದ್ದಲ್ಲ. ಈಗ ಮೊದಲ ಮಗು ಬಸ್ಸು ಹತ್ತಿದೆ. ಮೇಲಿನ ಲೆಕ್ಕ ನೆನಪಿದೆಯಲ್ಲ: 30 ಮಕ್ಕಳ ಸುತ್ತಿನಲ್ಲಿ ಐದು ಮನೆಯ ತೀರ್ಮಾನವೇ ಒಂದು ಡಿವಿಷನ್ನಿನ ಜೀವ. ಪೇಟೆಯಲ್ಲಿ ನಿಮ್ಮ ಮಗು ಸೇರದಿದ್ದರೆ ಯಾರಿಗೂ ಗೊತ್ತಾಗದು. ಇಲ್ಲಿ ಹುದ್ದೆಯೇ ಹೋಗುತ್ತದೆ.

ಪ್ಲಸ್ ಒನ್‌ಗೆ (ಹನ್ನೊಂದನೇ ಕ್ಲಾಸಿಗೆ) ಬಂದಾಗ ಈ ಮಕ್ಕಳಿಗೆ ಇಂಗ್ಲಿಷ್ ಪಠ್ಯ ಒಮ್ಮೆಲೇ ಎದುರಾಗುತ್ತದೆ. ಹತ್ತರ ರಜೆಯಲ್ಲಿ ಕೋಚಿಂಗಿಗೆ ಓಡುವ ಬದಲು ಎಂಟರಿಂದಲೇ ಗಣಿತ, ವಿಜ್ಞಾನದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸುವ ಶಾಲೆಯಾದರೆ ತೊಂದರೆ ಅರ್ಧ ಕಡಿಮೆ. ದಿನಕ್ಕೆ ಹತ್ತು ಪದ, ಬೇರೆ ನೋಟು ಪುಸ್ತಕ. ಶಾಲೆ ಮಾಡದಿದ್ದರೆ ಮನೆಯಲ್ಲಿ ಮಾಡಿಸಿ.

ಹೈಸ್ಕೂಲಿನ ಮಗುವಿಗೆ ಲೈನ್ ಬಸ್ಸಿನ ಕನ್ಸೆಶನ್ ಎಂಬ ಅನುಕೂಲವೂ ಇದೆ. ಖಾಸಗಿ ಬಸ್ಸಿನಲ್ಲಿ ವಿದ್ಯಾರ್ಥಿಗಳ ಕನಿಷ್ಠ ದರ ಬಹುಕಾಲದಿಂದ 1 ರೂಪಾಯಿಯಲ್ಲೇ ನಿಂತಿದೆ. ಅದಕ್ಕೇ ಕಂಡಕ್ಟರ್ ಮುಖ ಗಂಟಿಕ್ಕುವುದು, ಮಕ್ಕಳನ್ನು ಹತ್ತಿಸಲು ತಡಮಾಡುವುದು. ಮಗು ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಅರ್ಧ ಗಂಟೆಯನ್ನೂ ದೂರದ ಲೆಕ್ಕಕ್ಕೆ ಸೇರಿಸಿ.

ತಲಪಾಡಿಯ ಆಚೆ

ತೊಕ್ಕೊಟ್ಟು, ಮಂಗಳೂರಿಗೆ ಪೂರ್ತಿ ಮನೆ ಬದಲಿಸುವುದು ಒಂದು. ಮನೆ ಮಂಜೇಶ್ವರದಲ್ಲೇ ಇಟ್ಟು ಮಗುವನ್ನು ದಿನಾ ಗಡಿ ದಾಟಿಸುವುದು ಇನ್ನೊಂದು. ಎರಡನೆಯದನ್ನು ಬೇಡವೆಂದೇ ಹೇಳಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ನೆಪದಲ್ಲಿ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿದಾಗ ರೋಗಿಗಳೇ ದಾಟಲಾರದೆ ಒದ್ದಾಡಿದರು. ಮಕ್ಕಳ ಶಾಲೆಯ ಮಾತು ಯಾರು ಕೇಳುತ್ತಾರೆ? ಅಂಥ ದಿನ ಮತ್ತೆ ಬಾರದಿದ್ದರೂ ಸಣ್ಣ ಕಿರಿಕಿರಿ ನಿತ್ಯದ್ದು. ಮಳೆಗೆ ಕಾಸರಗೋಡಿನ ಕಲೆಕ್ಟರ್ ರಜೆ ಕೊಟ್ಟ ದಿನ ದಕ್ಷಿಣ ಕನ್ನಡದಲ್ಲಿ ಶಾಲೆ ಇರುತ್ತದೆ. ಇಲ್ಲಿ ಓಣಂಗೆ ರಜೆ, ಅಲ್ಲಿ ದಸರೆಗೆ. ಇಬ್ಬರು ಮಕ್ಕಳು ಎರಡು ಬದಿಯಲ್ಲಿದ್ದರೆ ಅಜ್ಜನ ಮನೆಗೆ ಒಟ್ಟಿಗೆ ಹೋಗುವ ದಿನ ಹುಡುಕಬೇಕು. ಪ್ರಾಯದ ಲೆಕ್ಕವೂ ಬೇರೆ: ಕೇರಳದಲ್ಲಿ ಐದು ತುಂಬಿದ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವ ರೂಢಿ, ಕರ್ನಾಟಕದ್ದು ಆರರ ನಿಯಮ. ಎರಡು ಕಡೆಯೂ ಇದು ಬದಲಾಗುತ್ತಿರುವ ಕಾಲವಾದ್ದರಿಂದ ಆಯಾ ವರ್ಷದ ಸುತ್ತೋಲೆ ನೋಡಿಯೇ ಹೊರಡಿ.

ಪೂರ್ತಿ ಹೋಗುವವರು, ಮಂಗಳೂರಿನ ಫ್ಲ್ಯಾಟಿನಲ್ಲಿ ಕನ್ನಡದ ವಾತಾವರಣ ತಾನಾಗಿ ಸಿಗುತ್ತದೆಂದು ಭಾವಿಸಬೇಡಿ. ಅಲ್ಲಿಯ ಕಟ್ಟಡಗಳ ಗೇಟಿನ ಮುಂದೆಯೂ ಇಂಗ್ಲಿಷ್ ಮಾಧ್ಯಮದ ಬಸ್ಸುಗಳೇ ಸಾಲು ನಿಲ್ಲುವುದು. ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಬಡ ಮಕ್ಕಳಿಗೆಂಬ ನಿಯಮವನ್ನೂ ಕರ್ನಾಟಕ 2019ರಿಂದ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಅನ್ವಯಿಸದಂತೆ ತಿದ್ದಿತು. ದಟ್ಟ ನಗರದಲ್ಲಿ ಹತ್ತಿರ ಒಂದಾದರೂ ಅಂಥ ಶಾಲೆ ಇದ್ದೇ ಇರುತ್ತದಲ್ಲ! ನಗರ ದಟ್ಟವಾದಷ್ಟೂ ಆ ಬಾಗಿಲು ಮುಚ್ಚಿತು.

ಇನ್ನು ಕಾಗದದ ಲೆಕ್ಕ. ಕರ್ನಾಟಕದ ಸಿಇಟಿಯಲ್ಲಿ ಸರಕಾರಿ ಸೀಟಿಗೆ ಅರ್ಹತೆಯ ಹಲವು ಕಲಮುಗಳಿವೆ. ಸಾಮಾನ್ಯದ್ದು: ಒಂದರಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಗಡಿನಾಡಿನವರದ್ದು: ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ (ಮಹಾರಾಷ್ಟ್ರದಲ್ಲಾದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ) ಏಳು ಶೈಕ್ಷಣಿಕ ವರ್ಷ ಕಳೆದಿರಬೇಕು; ಮೇಲೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಈಗ ಎಣಿಸಿ. ಐದು ಮುಗಿಸಿ ಗಡಿ ದಾಟಿದರೆ ಕರ್ನಾಟಕದಲ್ಲಿ ಆರರಿಂದ ಹನ್ನೆರಡು, ಏಳು ವರ್ಷ, ಸರಿ. ಏಳು ಮುಗಿಸಿ ದಾಟಿದರೆ ಗಡಿನಾಡಿನ ಏಳು ವರ್ಷ, ಅದೂ ಸರಿ. ಆರು ಮುಗಿಸಿ ದಾಟಿದರೆ ಇಲ್ಲಿ ಆರು, ಅಲ್ಲಿ ಆರು. ಎರಡೂ ಕೊಡ ಅರ್ಧ! ಹೆತ್ತವರ ಓದು, ಉದ್ಯೋಗದ ಆಧಾರದ ಬೇರೆ ಕಲಮುಗಳು ಕೆಲವರನ್ನು ಕಾಯಬಹುದು, ಆದರೆ ಅದನ್ನು ನಂಬಿ ಆರಕ್ಕೆ ಹೊರಡಬೇಡಿ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯಲ್ಲಿ ಕಲಮಿನ ಪದಗಳನ್ನು ಓದಿಕೊಳ್ಳಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಟಿಸಿ ತೆಗೆಯುವಾಗಲೇ ಕೇಳಿ ಇಟ್ಟುಕೊಳ್ಳಿ. ಹತ್ತು ವರ್ಷ ಕಳೆದು ಬಂದರೆ ಹಳೆಯ ರಿಜಿಸ್ಟರು ಹುಡುಕುವುದು ಯಾರಿಗೂ ಸುಲಭವಲ್ಲ. ಸಿಬಿಎಸ್‌ಇಯಲ್ಲಿ ಓದಿದ ಗಡಿನಾಡಿನ ಮಗುವೂ ಆ ಕನ್ನಡ ಪರೀಕ್ಷೆ ಬರೆಯಲೇಬೇಕಾದ್ದರಿಂದ 015ರ ಮಾತು ಇಲ್ಲಿ ಮತ್ತೆ ಮುಖ್ಯವಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವವರು ಬಸ್ಸಿನ ಶಾಲೆಯನ್ನೇ ಹಿಡಿಯಲಿ, ಆದರೆ ಮನೆಗಳ ಅಳತೆ ಬೆರೆತಿರುವ ಕಟ್ಟಡ ಆರಿಸಲಿ. ಶಾಲೆಯಲ್ಲಿ ಸಿಗದ ಮಿಶ್ರಣ ಸಂಜೆಯ ಆಟದಲ್ಲಾದರೂ ಸಿಗುತ್ತದೆ. ಪೇಟೆಯಲ್ಲೇ ನೆಲೆಸುವವರು, ಅದರಲ್ಲೂ ಇಬ್ಬರು ಮಕ್ಕಳಿದ್ದು ಫೀಸು ಭಾರವೆನಿಸುವವರು, ಮೊದಲು ಕನ್ನಡ ಡಿವಿಷನ್ ಗಟ್ಟಿಯಿರುವ ಶಾಲೆ ಹುಡುಕಿ, ಅದರ ಸುತ್ತ ಮನೆ ನೋಡಲಿ. ತೋಟದ ಆದಾಯವಿದ್ದು ಊರಲ್ಲಿ ಉಳಿಯಬಲ್ಲವರಿಗೆ ಬದಿಯಡ್ಕ, ಪೆರ್ಲದ ದಾರಿಯೇ ಸಲೀಸು. ಗಡಿ ದಾಟುವುದಾದರೆ ಐದು ಮುಗಿಸಿಯೋ ಏಳು ಮುಗಿಸಿಯೋ, ಇಡೀ ಮನೆಯಾಗಿ.

ಸಂಖ್ಯೆಗಳನ್ನು ಯಾರೋ ಹೇಳಿದ್ದು ಕೇಳಿ ನಂಬುವ ಅಗತ್ಯವಿಲ್ಲ. ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನ ‘ಸಮೇತಂ’ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ ಮಕ್ಕಳ ಸಂಖ್ಯೆ ನೋಡಬಹುದು. ದೇಶದ ಶಾಲೆಗಳ ಅಂಕಿಅಂಶ ಇರುವ ಯುಡೈಸ್ ಪ್ಲಸ್‌ನಲ್ಲಿ ಜಿಲ್ಲೆಯ ಶಾಲೆಗಳ 11 ಅಂಕಿಯ ಕೋಡು 3201ರಿಂದ ಶುರುವಾಗುತ್ತದೆ. ಮಾಧ್ಯಮವಾರು ಲೆಕ್ಕ ಬೇಕಾದರೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗಳಲ್ಲಿ ಕೇಳಿ. ಕೊನೆಯ ಮೂರು ವರ್ಷದ್ದು ಒಟ್ಟಿಗೆ ಬರೆದಿಟ್ಟು ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ಒಂದೇ ಕಟ್ಟಡದಲ್ಲಿ, ಒಂದೇ ಓಣಿಯಲ್ಲಿ ಕನ್ನಡದ ನಾಲ್ಕೈದು ಮನೆಯವರಿದ್ದರೆ ಫೆಬ್ರವರಿಯಲ್ಲೇ ಕುಳಿತು ಮಾತಾಡಿ; ಒಂದೊಂದೇ ಮನೆ ಹೋಗಿ ಕೇಳಿದಾಗ ‘ನೋಡೋಣ’ ಎನ್ನುವ ಹೆಡ್‌ಮಾಸ್ಟರ್, ಐದು ಮಕ್ಕಳ ಹೆಸರು ಒಟ್ಟಿಗೆ ಕೊಟ್ಟಾಗ ಬೇರೆ ಥರ ಮಾತಾಡುತ್ತಾರೆ. ಏಪ್ರಿಲ್-ಮೇಯಲ್ಲಿ ಪ್ರವೇಶ ಮುಗಿಸಿ. ಆಧಾರಿನಲ್ಲಿರುವ ಹೆಸರು, ಹುಟ್ಟಿದ ದಿನ ಜನನ ಪ್ರಮಾಣಪತ್ರಕ್ಕೆ ಹೊಂದುತ್ತದೆಯೇ ನೋಡಿ, ಇಲ್ಲದಿದ್ದರೆ ಮೇ ತಿಂಗಳಲ್ಲೇ ತಿದ್ದಿಸಿ. ಶಾಲೆ ಮಕ್ಕಳ ವಿವರ ತುಂಬುವ ‘ಸಂಪೂರ್ಣ’ ತಂತ್ರಾಂಶದಲ್ಲಿ ಸರಿಯಾಗಿ ದಾಖಲಾಗದ ಮಗು ಬೆಂಚಿನಲ್ಲಿ ಕುಳಿತಿದ್ದರೂ ಆರನೇ ದಿನದ ಎಣಿಕೆಯಲ್ಲಿ ಬಿಟ್ಟುಹೋಗಬಹುದು.